ಕಟ್ಟೆ, ಅಂಗಡಿ, ಕೈಕಂಬ: ನಮ್ಮ ಕಾಲುದಾರಿಗಳ ಚರಿತ್ರೆ

ಕೊಡಿಯಾಲ್‌ಬೈಲ್ ಎಂಬ ಹೆಸರನ್ನು ಒಡೆದು ನೋಡಿದರೆ ಒಂದು ನೆಲದ ಚಿತ್ರ ಸಿಗುತ್ತದೆ. ಕೊಡಿಯಾಲ ಎಂಬುದು ಕೊಂಕಣಿಗರು ಮಂಗಳೂರಿಗೆ ಇಟ್ಟ ಹೆಸರು. ಬೈಲು ಎಂದರೆ ಗುಡ್ಡೆಗಳ ನಡುವೆ ನೀರು ಇಳಿದು ನಿಲ್ಲುವ ಗದ್ದೆಯ ಜಾಗ. ಇಂದು ಇಲ್ಲಿ ಬಹುಮಹಡಿ ಕಟ್ಟಡಗಳೂ ವಾಹನಗಳೂ ತುಂಬಿರುವುದರಿಂದ ಗದ್ದೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಆದರೆ ಯಾವ ಕಡೆಗೆ ಹೊರಟರೂ ನಮ್ಮ ಕಾಲುಗಳಿಗೆ ಏರು ಸಿಗುತ್ತದೆ: ಒಂದು ಕಡೆ ಬಾವುಟಗುಡ್ಡೆ, ಇನ್ನೊಂದು ಕಡೆ ಕದ್ರಿಗುಡ್ಡೆ. ಹೆಸರು ಮರೆತದ್ದನ್ನು ಕಾಲು ನೆನಪಿಟ್ಟಿದೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳನೇಕರು ವಾರದ ಕೊನೆಯಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಕುಮಾರಪರ್ವತ, ಕುದುರೆಮುಖಗಳನ್ನು ಹತ್ತುತ್ತಾರೆ, ಚಿತ್ರಗಳನ್ನೂ ಕಳುಹಿಸುತ್ತಾರೆ. ಸಂತೋಷದ ವಿಷಯ. ಆದರೆ ಆ ದಾರಿಗಳನ್ನು ‘ಚಾರಣಕ್ಕಾಗಿ ಮಾಡಿದ ದಾರಿಗಳು’ ಎಂದು ಅವರಲ್ಲಿ ಒಬ್ಬರು ಬರೆದದ್ದನ್ನು ಓದಿದಾಗ, ಈ ಲೇಖನವನ್ನು ಬರೆಯಲೇಬೇಕೆನಿಸಿತು. ನಮ್ಮ ಜಿಲ್ಲೆಯ ಹಳೆಯ ಕಾಲುದಾರಿಗಳು ಯಾವುವೂ ವಿಹಾರಕ್ಕಾಗಿ ಹುಟ್ಟಿದವಲ್ಲ. ಅವು ಉಪ್ಪಿಗಾಗಿ, ಅಕ್ಕಿಗಾಗಿ, ದನಗಳಿಗಾಗಿ, ದೇವರಿಗಾಗಿ, ಒಮ್ಮೆ ದಂಗೆಗಾಗಿಯೂ ಸವೆದ ದಾರಿಗಳು.

ಮೊದಲು ನೆಲದ ವಿಚಾರ. ಬೈಲಿನ ಮೇಲೆ ಕಾಡಿನ ಇಳಿಜಾರು, ಅದರ ನೆತ್ತಿಯಲ್ಲಿ ಪದವು. ಪದವು ಎಂದರೆ ಗುಡ್ಡದ ಮೇಲಿನ ಸಮತಟ್ಟಾದ ಮುರಕಲ್ಲಿನ ಹಾಸು. (“ಪದವಿಗೆ ಹೋಗಿದ್ದೆ” ಎಂದರೆ ಘಟ್ಟದ ಮೇಲಿನವರು ಕಾಲೇಜಿಗೆ ಹೋಗಿದ್ದನೆಂದೇ ತಿಳಿಯುತ್ತಾರೆ!) ಈ ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಅವನು 1800-01ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳಲ್ಲಿ ಸಂಚರಿಸಿ, 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಲಬಾರಿನ ಅಂಗಾಡಿಪುರದ ಕಲ್ಲನ್ನು ವರ್ಣಿಸುತ್ತ ಈ ಹೆಸರನ್ನು ಬಳಸಿದನು. ಲ್ಯಾಟಿನ್ ಭಾಷೆಯಲ್ಲಿ ‘ಲ್ಯಾಟರ್’ ಎಂದರೆ ಇಟ್ಟಿಗೆ. ನೆಲದಿಂದ ಕಡಿದ ಕಲ್ಲು ಇಟ್ಟಿಗೆಯಂತೆ ಕಟ್ಟಡಕ್ಕೆ ಒದಗುವುದನ್ನು ಅವನು ಕಂಡಿದ್ದನು.

ಹಿಂದಿನ ಕಾಲದ ದಾರಿಹೋಕನಿಗೆ ಪದವು ಏಕೆ ಪ್ರಿಯವಾಗಿತ್ತೆಂದು ಊಹಿಸುವುದು ಸುಲಭ. ಬೈಲಿನಲ್ಲಿ ಮಳೆಗಾಲಕ್ಕೆ ಮೊಣಕಾಲುದ್ದ ಕೆಸರು; ಬೆಳೆಯಿರುವಾಗ ತುಳಿಯುವಂತಿಲ್ಲ, ಹುಣಿಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಇಳಿಜಾರಿನ ಕಾಡಿನಲ್ಲಿ ಮುಳ್ಳು, ಹಾವು, ಹುಲಿ. ಪದವಿನ ಮೇಲೆ ಕಲ್ಲುನೆಲ, ಮೊಣಕಾಲೆತ್ತರದ ಮುಳಿಹುಲ್ಲು, ದೂರದವರೆಗೆ ನೋಟ. ಆದುದರಿಂದ ದಾರಿಗಳು ಆದಷ್ಟು ಬೇಗ ಪದವನ್ನೇರಿ, ಹೊಳೆ ದಾಟಬೇಕಾದಲ್ಲಿ ಮಾತ್ರ ಇಳಿಯುತ್ತಿದ್ದವು. ಇದೇ ಸಮತಟ್ಟು ಗುಣಕ್ಕಾಗಿ ಮುಂದೆ ವಿಮಾನ ನಿಲ್ದಾಣವೂ ಬಜ್ಪೆಯ ಗುಡ್ಡದ ನೆತ್ತಿಯನ್ನೇ ಆರಿಸಿಕೊಂಡಿತು. 1951ರ ದಶಂಬರ 25ರಂದು ಜವಾಹರಲಾಲ್ ನೆಹರೂ ಅಲ್ಲಿ ಬಂದಿಳಿದರು.

ಈ ದಾರಿಗಳಿಗೆ ಶಾಸನಗಳು ಕಡಿಮೆ, ಊರ ಹೆಸರುಗಳು ಹೇರಳ. ಮಂಗಳೂರಿನಲ್ಲಿ ಪದವಿನಂಗಡಿ ಇದೆ. ಹೆಸರೇ ಹೇಳುವಂತೆ ಪದವಿನ ಮೇಲಿದ್ದ ಅಂಗಡಿ, ಅಂದರೆ ಹೊರೆ ಇಳಿಸಿ ಬೆಲ್ಲ ನೀರು ಕುಡಿಯುವ ತಾಣ. ಕುಮಾರಧಾರೆಯೂ ನೇತ್ರಾವತಿಯೂ ಕೂಡುವಲ್ಲಿ ಉಪ್ಪಿನಂಗಡಿ. ಕಡಲಿನ ಉಪ್ಪು ಘಟ್ಟದ ಮೇಲಿನ ಪ್ರತಿ ಮನೆಗೂ ಬೇಕಿತ್ತು, ಎತ್ತಿನ ಬೆನ್ನು, ಮನುಷ್ಯನ ತಲೆ, ನದಿಯ ದೋಣಿ ಇವಿಷ್ಟೇ ಅದನ್ನು ಸಾಗಿಸುತ್ತಿದ್ದವು. ಬಂಟ್ವಾಳದವರೆಗೆ ದೋಣಿ, ಅಲ್ಲಿಂದಾಚೆ ಹೇರೆತ್ತು. ಬಂಟ್ವಾಳ ದೊಡ್ಡ ಪೇಟೆಯಾದದ್ದು ಈ ಕೈಬದಲಾವಣೆಯಿಂದಲೇ. ಇನ್ನು ಕಟ್ಟೆಗಳು: ಹಂಪನಕಟ್ಟೆಯಲ್ಲಿ ಅಪ್ಪಣ್ಣನೆಂಬವನು ದಾರಿಹೋಕರಿಗೆ ನೀರು ಕೊಡುತ್ತಿದ್ದನೆಂದು ಪ್ರತೀತಿ. ಮತ್ತೆ ಕೈಕಂಬ! ಗುರುಪುರದ ಬಳಿ ಒಂದು, ಬಿ.ಸಿ. ರೋಡಿನ ಬಳಿ ಒಂದು, ಸುಬ್ರಹ್ಮಣ್ಯದ ದಾರಿಯಲ್ಲಿ ಬಿಳಿನೆಲೆಯ ಹತ್ತಿರ ಒಂದು. ಕವಲುದಾರಿಯಲ್ಲಿ ಕೈ ಚಾಚಿ ಊರು ತೋರಿಸುವ ಕಂಬವೇ ಕೈಕಂಬ. ಕಂಬ ಹೋದರೂ ಹೆಸರು ಬಸ್ಸಿನ ಫಲಕದ ಮೇಲೆ ಉಳಿದಿದೆ.

ಈ ದಾರಿಯೊಂದರ ಮೇಲೆ ಚರಿತ್ರೆ ಒಮ್ಮೆ ನಡೆದುಕೊಂಡು ಬಂದಿತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗನ್ನು ವಶಪಡಿಸಿಕೊಂಡು, ಅದುವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂಬ ನಿಯಮ ಬಂದಿತು. ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವೂ ಕಂಪೆನಿಯ ಮುಷ್ಟಿಯಲ್ಲಿತ್ತು. ಭತ್ತವುಳ್ಳ ರೈತನಿಗೆ ನಾಣ್ಯವೆಲ್ಲಿಂದ ಬರಬೇಕು? ಭತ್ತವನ್ನು ಪೇಟೆಗೆ ಹೊತ್ತು, ಸಿಕ್ಕಿದ ಬೆಲೆಗೆ ಮಾರಿ, ಹಣ ತರಬೇಕು. ಅನ್ಯಾಯದ ಭಾರವನ್ನು ಜನ ಕಾಗದದಲ್ಲಿ ಓದಲಿಲ್ಲ. ಅದೇ ಕಾಲುದಾರಿಯಲ್ಲಿ ತಲೆಯ ಮೇಲೆ ಹೊತ್ತು ತಿಳಿದರು.

1837ರ ಮಾರ್ಚ್ 30ರಂದು ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ ಸುಳ್ಯದ ಸೀಮೆಯಿಂದ ದಂಡು ಹೊರಟಿತು. ಕಲ್ಯಾಣಸ್ವಾಮಿಯೆಂದು ಜನ ನಂಬಿದ್ದ ಪುಟ್ಟಬಸಪ್ಪ ಅದರ ಮುಂಭಾಗದಲ್ಲಿದ್ದನು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ಪುತ್ತೂರು ದಾಟಿತು, ಬಂಟ್ವಾಳದ ಸೀಮೆಯಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸ ಜತೆಗೂಡಿದನು. ಇಂದಿನ ರಸ್ತೆಯಲ್ಲಿ ಸುಮಾರು 85 ಕಿಲೋಮೀಟರಿನ ಆ ಹಾದಿ ಮುಗಿದದ್ದು ಎಪ್ರಿಲ್ 5ರಂದು, ಮಂಗಳೂರಿನಲ್ಲಿ. ನಮ್ಮ ಬೈಲಿನ ಪಕ್ಕದ ಗುಡ್ಡೆಯ ಮೇಲೆ ಬಾವುಟ ಹಾರಿತು; ಅದಕ್ಕೇ ಅದು ಬಾವುಟಗುಡ್ಡೆಯಾಯಿತೆಂದು ಜನ ಹೇಳುತ್ತಾರೆ. ಸುಮಾರು ಎರಡು ವಾರ ಪೇಟೆ ಅವರ ಕೈಯಲ್ಲಿತ್ತು. ಆಮೇಲೆ ಕಣ್ಣೂರಿನ ಕಡೆಯಿಂದ ಕಂಪೆನಿಯ ಸೈನ್ಯ ಬಂದಿತು. ಬಂದದ್ದು ಸಮುದ್ರದ ಮೇಲೆ. ನಡೆದು ಬಂದವರನ್ನು ಹಡಗಿನಲ್ಲಿ ಬಂದವರು ಸೋಲಿಸಿದರು.

ಪುಟ್ಟಬಸಪ್ಪನನ್ನೂ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಪೇಟೆಯ ಪೂರ್ವದ ಹೊಸ್ತಿಲಿನಂತಿದ್ದ ಆ ಕಟ್ಟೆಯನ್ನು ಆರಿಸಿದ್ದು ಆಕಸ್ಮಿಕವಾಗಿರಲಾರದು. ಘಟ್ಟದ ಕಡೆಯಿಂದ ಹೊರೆಹೊತ್ತು ಬರುವವರು ತಂಗುವ ಸ್ಥಳದಲ್ಲಿಯೇ ಅದನ್ನು ತೋರಿಸಬೇಕೆಂದು ಕಂಪೆನಿಗೆ ತೋಚಿರಬೇಕು. ಬಹುಕಾಲ ಈ ಘಟನೆಯನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹಗುರವಾಗಿ ಕರೆದರು. ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯನ್ನು ಬರೆದು ಅದರ ತೂಕವನ್ನು ಮರಳಿ ತಂದರು. 2022ರ ನವೆಂಬರದಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಪ್ರತಿಮೆ ನಿಂತಿದೆ, ಅವರು ನಡೆದ ದಾರಿಗೆ ಮಾತ್ರ ಗುರುತಿನ ಕಲ್ಲುಗಳಿಲ್ಲ.

ಬೈಲಿನ ಇನ್ನೊಂದು ಮಗ್ಗುಲಿನ ಕದ್ರಿಗುಡ್ಡೆಗೆ ಬರುವ ದಾರಿ ಇನ್ನೂ ದೊಡ್ಡದು. ಆಳುಪ ಕುಂದವರ್ಮನು 968ರಲ್ಲಿ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಕದ್ರಿಯ ಗುಡ್ಡದ ಮೇಲೆ ನಾಥಪಂಥದ ಜೋಗಿಮಠವಿದೆ. ಹನ್ನೆರಡು ವರ್ಷಗಳಿಗೊಮ್ಮೆ, ನಾಸಿಕದ ಕುಂಭಮೇಳದ ತರುವಾಯ, ಜೋಗಿಗಳ ಝುಂಡಿ ತ್ರ್ಯಂಬಕೇಶ್ವರದಿಂದ ಪಾತ್ರದೇವತೆಯನ್ನು ಹೊತ್ತು ತಿಂಗಳುಗಟ್ಟಲೆ ನಡೆದು ಶಿವರಾತ್ರಿಯ ಹೊತ್ತಿಗೆ ಇಲ್ಲಿ ಸೇರುತ್ತದೆ. ಮಠಕ್ಕೆ ಹೊಸ ಅರಸನ ಪಟ್ಟಾಭಿಷೇಕ ನಡೆಯುತ್ತದೆ. 2016ರಲ್ಲಿ ನಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಚಾರಣವೆಂಬ ಪದ ಹುಟ್ಟುವ ಮೊದಲೇ ನಮ್ಮ ಬೈಲಿಗೆ ಸಹ್ಯಾದ್ರಿಯುದ್ದದ ನಡಿಗೆಯೊಂದು ಬಂದು ಮುಟ್ಟುತ್ತಿತ್ತು.

ಈಗ ಕುಮಾರಪರ್ವತಕ್ಕೆ ಬರೋಣ. ಸುಬ್ರಹ್ಮಣ್ಯದಿಂದ ಸುಮಾರು 13 ಕಿಲೋಮೀಟರ್ ಏರು, ತುದಿ 1,712 ಮೀಟರ್. ಮೊದಲು ದಟ್ಟ ಕಾಡು, ಗಿರಿಗದ್ದೆಯಲ್ಲಿ ಭಟ್ಟರ ಮನೆ, ಆಮೇಲೆ ಬಿಸಿಲಿಗೆ ಮೈಯೊಡ್ಡಿದ ಹುಲ್ಲುಗಾವಲು, ಕಲ್ಲಿನ ಮಂಟಪ, ಶೇಷಪರ್ವತ. ಬೆಟ್ಟದ ಬುಡದ ಕುಲ್ಕುಂದದಲ್ಲಿ (ನಿರಂಜನರು ಹುಟ್ಟಿದ ಊರೂ ಅದೇ) ಹೆಸರಾಂತ ದನದ ಜಾತ್ರೆ ಸೇರುತ್ತಿತ್ತು. ಘಟ್ಟದ ಮೇಲಿನ ಎತ್ತುಗಳು ಬಿಸಿಲೆಯ ಕಾಡಿನ ದಾರಿಯಲ್ಲಿ ಇಳಿದುಬರುತ್ತಿದ್ದವು. 2024ರ ಜನವರಿಯ ಕೊನೆಯ ರಜಾದಿನಗಳಲ್ಲಿ ಇದೇ ಬೆಟ್ಟಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದರು. ಸರಕಾರ ಚಾರಣವನ್ನು ನಿಲ್ಲಿಸಿ, ಅಂತರ್ಜಾಲದಲ್ಲಿ ಮುಂಗಡ ಚೀಟಿ ಪಡೆಯುವ ವ್ಯವಸ್ಥೆ ಮಾಡಿ, ದಿನಕ್ಕೆ 300 ಮಂದಿಯೆಂಬ ಮಿತಿ ಹಾಕಿತು. ಮಿತಿ ಬೇಕೇಬೇಕು, ಆ ಹುಲ್ಲುಗಾವಲಿಗೆ ಅಷ್ಟು ಪಾದಗಳನ್ನು ಸಹಿಸುವ ಶಕ್ತಿಯಿಲ್ಲ.

ನನ್ನ ಚಿಂತೆ ಬೇರೆ. ಬೆಟ್ಟದ ತುದಿಯ ದಾರಿಗೆ ಕಾವಲಿದೆ, ಬುಡದ ದಾರಿಗೆ ಯಾರೂ ಇಲ್ಲ. ಫ್ರಾನ್ಸಿನಲ್ಲಿ 1947ರಿಂದ ದೀರ್ಘ ಕಾಲುದಾರಿಗಳಿಗೆ ಮರ, ಕಲ್ಲುಗಳ ಮೇಲೆ ಕೆಂಪು ಬಿಳಿ ಪಟ್ಟಿಗಳ ಗುರುತು ಹಾಕುತ್ತ ಬಂದಿದ್ದಾರೆ. 1983ರ ಕಾನೂನಿನಂತೆ ಅಲ್ಲಿನ ಜಿಲ್ಲೆಗಳು ನಡಿಗೆಯ ದಾರಿಗಳ ಪಟ್ಟಿಯಿಡುತ್ತವೆ. ಪಟ್ಟಿಯಲ್ಲಿರುವ ದಾರಿ ಕಡಿದುಹೋಗುವುದಾದರೆ ಬದಲಿ ದಾರಿ ಕೊಡಬೇಕು. ನಮ್ಮಲ್ಲಿಯೂ ಆಧಾರ ಇಲ್ಲದಿಲ್ಲ. ಗ್ರಾಮ ನಕಾಶೆಗಳಲ್ಲಿ ಚುಕ್ಕಿಗೆರೆಯ ಕಾಲುದಾರಿಗಳಿವೆ. ‘ನಕಾಶೆ ಕಂಡ ದಾರಿ’ ಎಂಬ ಮಾತು ಕಂದಾಯ ಕಚೇರಿಗೆ ಹೋದ ಪ್ರತಿಯೊಬ್ಬ ಹಳ್ಳಿಗನಿಗೂ ಗೊತ್ತು. ಆದರೆ ಪದವಿಗೆ ಪದವೇ ಮುರಕಲ್ಲಿನ ಕೋರೆಯಾಗಿ, ಬಡಾವಣೆಯಾಗಿ ಮಾಯವಾಗುವಾಗ ಆ ಚುಕ್ಕಿಗೆರೆಯನ್ನು ಹುಡುಕಿಕೊಂಡು ಹೋಗುವವರು ವಿರಳ.

ಹನ್ನೆರಡು ವರ್ಷದ ಲೆಕ್ಕದಂತೆ ಜೋಗಿಗಳು ಮತ್ತೆ ಕದ್ರಿಗೆ ಬರಬೇಕಾದದ್ದು 2028ರಲ್ಲಿ. ಅಷ್ಟರೊಳಗೆ ನನ್ನದೊಂದು ಪಟ್ಟಿಯನ್ನು ಮುಗಿಸುವ ಆಸೆಯಿದೆ. ನಿಮ್ಮ ಊರಿನಲ್ಲಿ ಕೈಕಂಬ, ಕಟ್ಟೆ, ಅಂಗಡಿ ಎಂದು ಮುಗಿಯುವ ಹೆಸರಿದ್ದರೆ, ಅಥವಾ ಹೊರೆ ಇಳಿಸುವ ಕಲ್ಲು ಎಲ್ಲಾದರೂ ಉಳಿದಿದ್ದರೆ, ಅದು ಯಾವ ಎರಡು ಊರುಗಳ ನಡುವಣ ದಾರಿಯಲ್ಲಿದೆಯೆಂದು ಮನೆಯ ಹಿರಿಯರಲ್ಲಿ ವಿಚಾರಿಸಿ ಬರೆದು ತಿಳಿಸಿ. ಎಂಬತ್ತು ದಾಟಿದವರನ್ನು ಮೊದಲು ಕೇಳಿ.