ಪೆಟ್ಟಿಗೆಯೊಳಗಿನ ಯುಎಸ್‌ಬಿ

1996ರಲ್ಲಿ ಯುಎಸ್‌ಬಿ ಬಂದಾಗ ಡೆಸ್ಕ್‌ಟಾಪ್‌ಗಳ ಹಿಂಬದಿಯಲ್ಲಿ ಎರಡು ಪೋರ್ಟ್ ಇದ್ದರೆ ಹೆಚ್ಚು. ಒಂದು ಕಂಟ್ರೋಲರಿಗೆ 127 ಸಾಧನ ಎಂಬುದು ಕಾಗದದ ಲೆಕ್ಕವಷ್ಟೇ. ಪೆನ್‌ಡ್ರೈವ್ ಕಾಲದಲ್ಲಿ ಮೇಜಿನಡಿ ತೂರಿ ತಡಕಾಡುವುದು ಸಾಕಾಗಿ ಪೋರ್ಟುಗಳು ಮುಂಬದಿಗೂ ಬಂದವು. ಅವುಗಳ ತಂತಿ ಸಿಕ್ಕಿಸಲು ಮದರ್‌ಬೋರ್ಡಿನ ಮೇಲೆ ಪಿನ್ನುಗಳ ಹೆಡರ್ ಬೇಕಾಯಿತು.

ಮೊದಮೊದಲು ಪಿನ್ನುಗಳ ಕ್ರಮ ಬೋರ್ಡಿನಿಂದ ಬೋರ್ಡಿಗೆ ಬೇರೆ. ಕೆಂಪು ತಂತಿಯಲ್ಲಿ 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಮತ್ತು ಹಸಿರು ದತ್ತಾಂಶಕ್ಕೆ. ಕೆಂಪು, ಕಪ್ಪು ಅದಲುಬದಲಾದರೆ ಪೆನ್‌ಡ್ರೈವಿನ ಕತೆ ಮುಗಿದಂತೆಯೇ. ಕ್ರಮೇಣ ಎರಡು ಪೋರ್ಟುಗಳ 9 ಪಿನ್ನಿನ ಹೆಡರ್ ರೂಢಿಯಾಯಿತು. ಖಾಲಿ ಬಿಟ್ಟ ಒಂದು ಪಿನ್ನಿನ ಜಾಗವೇ ಪ್ಲಗ್ ತಿರುವುಮುರುವಾಗದಂತೆ ಕಾಯುತ್ತದೆ.

2008ರ ಯುಎಸ್‌ಬಿ 3.0ಗೆ 19 ಪಿನ್ನಿನ ದಪ್ಪ ಹೆಡರ್ ಬಂತು. ಅವಸರದಲ್ಲಿ ಒತ್ತಿದರೆ ಪಿನ್ ಬಾಗುವುದು ಅದರ ದೊಡ್ಡ ತಲೆನೋವು. ಈಗ ಕೂಲರ್, ಬಣ್ಣದ ದೀಪಗಳೂ ಹೆಡರ್ ಕೇಳುವುದರಿಂದ ಒಂದು ಹೆಡರನ್ನು ಹಲವಾಗಿಸುವ ಹಬ್ ಅನ್ನು ಪೆಟ್ಟಿಗೆಯೊಳಗೇ ಕೂರಿಸುವುದುಂಟು.