ಚಿನ್ನದ ಷೇರು ಕೊಂಡವರು, ಚಿಪ್ ಷೇರು ಕೊಳ್ಳುವವರು

ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ನಿಂತರೆ ಎರಡು ಮಾತು ಕಿವಿಗೆ ಬೀಳುತ್ತವೆ. ಈ ತಿಂಗಳು ಓಟಿ ಎಷ್ಟು ಬಂತು ಅನ್ನೋದು ಒಂದು. ಯಾವ ಷೇರು ಎಷ್ಟಕ್ಕೆ ಎತ್ತಿದೆ ಅನ್ನೋದು ಇನ್ನೊಂದು. ಮುಳಬಾಗಿಲು ಕಡೆಯ ಹುಡುಗನೊಬ್ಬ ಮೊಬೈಲ್ ತೋರಿಸಿ, "ಇನ್ಮೇಲೆಲ್ಲಾ ಚಿಪ್‌ದೇ ಕಾಲ ಅಣ್ಣಾ. ಈಗ ಹಾಕ್ಬಿಟ್ರೆ ಐದು ವರ್ಷಕ್ಕೆ ಒಂದು ಸೈಟು" ಅಂದ. ಶ್ರೀನಿವಾಸಪುರದಲ್ಲಿ ಮಾವಿನ ತೋಟದ ಗುತ್ತಿಗೆ ಹಣ, ಮಾಲೂರಲ್ಲಿ ಚೀಟಿ ಎತ್ತಿದ ಹಣ ಹೀಗೆ ಷೇರಿಗೆ ಹೋಗುತ್ತಿರುವುದನ್ನು ನಾವು ನೋಡುತ್ತಿದ್ದೇವೆ. ನಗುವ ಹಕ್ಕು ನಮಗಿಲ್ಲ. ನಮ್ಮ ಬಳಗದಲ್ಲೇ ಇಬ್ಬರು ಹಾಕಿದ್ದಾರೆ. ಒಬ್ಬರು ಟೀ ಕೊಡಿಸುತ್ತಾರೆ, ಇನ್ನೊಬ್ಬರು ಆ ಮಾತು ಬಂದರೆ ಎದ್ದು ಹೋಗುತ್ತಾರೆ.

ಆದರೆ ಈ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. ಸುಮಾರು 145 ವರ್ಷದ ಹಿಂದೆ ನಮ್ಮ ನೆಲದ ಹೆಸರಲ್ಲೇ ಇಂಥ ಷೇರುಗಳು ಮಾರಾಟವಾದವು. ಕೊಂಡವರು ಮಾತ್ರ ಲಂಡನ್ನಿನಲ್ಲಿದ್ದರು.

1802ರಲ್ಲಿ ಗಡಿ ಸರ್ವೇಗೆ ಬಂದ ಜಾನ್ ವಾರೆನ್ ಎಂಬ ಲೆಫ್ಟಿನೆಂಟ್, ಮಾರಿಕುಪ್ಪಂ ಕಡೆ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದ. ವರದಿ ಎಷ್ಟೋ ದಶಕ ಧೂಳು ತಿಂತು. ಅದನ್ನು ಓದಿ ತಲೆ ಕೆಡಿಸಿಕೊಂಡವನು ಮೈಕೆಲ್ ಲ್ಯಾವೆಲ್ಲೆ, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದು ನೆಲೆಸಿದ್ದ ಐರಿಷ್ ಸೈನಿಕ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಅಂದರೆ ಇವನದೇ ಹೆಸರು. 1875ರಲ್ಲಿ ಮೈಸೂರು ಸರ್ಕಾರದಿಂದ 20 ವರ್ಷದ ಗುತ್ತಿಗೆ ಪಡೆದು ಊರಿಗಾಂ ಹತ್ತಿರ ತೋಡಿದ. ಕೈಯಲ್ಲಿ ಕಾಸಿರಲಿಲ್ಲ. ಎರಡೇ ವರ್ಷಕ್ಕೆ ಗುತ್ತಿಗೆ ಬೇರೆಯವರ ಪಾಲಾಯಿತು.

ಅಷ್ಟರಲ್ಲಿ ಲಂಡನ್ನಿಗೆ ಭಾರತದ ಚಿನ್ನದ ಹುಚ್ಚು ಹಿಡಿಯಿತು. ಮೊದಲು ಹಿಡಿದದ್ದು ನಮ್ಮ ಮೇಲಲ್ಲ, ವಯನಾಡಿನ ಮೇಲೆ. 1880ರ ಆಸುಪಾಸಿನಲ್ಲಿ ಅಲ್ಲಿಯ ಚಿನ್ನದ ಹೆಸರಲ್ಲಿ 30ಕ್ಕೂ ಹೆಚ್ಚು ಕಂಪನಿಗಳು ಲಂಡನ್ನಿನಲ್ಲಿ ಹುಟ್ಟಿದವು. ಇವತ್ತು ನೀಲಗಿರಿ ಜಿಲ್ಲೆಯಲ್ಲಿರುವ ದೇವಾಲ, ಪಂದಲೂರು ಕಾಡಿನೊಳಗೆ ಯಂತ್ರಗಳು ಬಂದಿಳಿದವು, ಬಂಗಲೆಗಳು ಎದ್ದವು. ಕಲ್ಲಿನಲ್ಲಿ ಎಷ್ಟು ಚಿನ್ನ ಇದೆ ಎಂದು ಸರಿಯಾಗಿ ಪರೀಕ್ಷೆ ಮಾಡುವ ಮೊದಲೇ ಕಲ್ಲು ಪುಡಿ ಮಾಡುವ ಯಂತ್ರ ತಂದಿದ್ದರು. ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಮುಳುಗಿದವು.

ಷೇರು ಕೊಂಡವರಿಗೆ ಗೊತ್ತಿದ್ದದ್ದು "ಭಾರತ", "ಚಿನ್ನ", "ಹಿಂದಿನವರು ತೆಗೆದಿದ್ದರು" ಅನ್ನುವ ಮೂರು ಮಾತು. ಮೂರೂ ನಿಜವೇ. ಗಣಿಯಲ್ಲಿ ಲಾಭ ಬರುತ್ತದಾ ಅನ್ನುವುದು ನಾಲ್ಕನೇ ಮಾತು, ಅದನ್ನು ಕೇಳಿದವರು ಕಡಿಮೆ.

ಅದೇ ಹುಚ್ಚಿನಲ್ಲಿ, 1880ರಲ್ಲಿ, ಕೋಲಾರಕ್ಕೆ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಬಂತು. ನಡೆಸುವ ಹೊಣೆ ಜಾನ್ ಟೇಲರ್ ಅಂಡ್ ಸನ್ಸ್ ಅವರದು. ಮೂರು ವರ್ಷ ತೋಡಿದರೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಬಂಡವಾಳ ಕರಗಿತು, ಷೇರಿನ ಬೆಲೆ ನೆಲ ಕಚ್ಚಿತು. 1883ರಲ್ಲಿ ಬಾಗಿಲು ಹಾಕೋಣ ಎಂಬ ಮಾತು ಬಂತು. ವಯನಾಡಿನಲ್ಲಿ ಕೈಸುಟ್ಟುಕೊಂಡವರಿಗೆ ಕೋಲಾರ ಅಂದರೂ ಭಯ. ಆಗ ಟೇಲರ್ ಕಡೆಯವರು ಉಳಿದ ಅಷ್ಟಿಷ್ಟು ಹಣವನ್ನೂ ಇಲ್ಲೇ ಹಾಕೋಣ ಎಂದು ಒಪ್ಪಿಸಿ, ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿಗಾರನನ್ನು ಕಳಿಸಿದರು. ಅವನು ಮಾಡಿದ ಮುಖ್ಯ ಕೆಲಸ ಒಂದೇ: ನಮ್ಮ ಹಿಂದಿನವರು ತೋಡಿ ಬಿಟ್ಟಿದ್ದ ಹಳೇ ಗುಂಡಿಗಳನ್ನು ನೋಡಿ, ಅವುಗಳ ಕೆಳಗೇ ಇನ್ನೂ ಆಳಕ್ಕೆ ಇಳಿದ. 1885ರ ಹೊತ್ತಿಗೆ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿತ್ತು.

ಮುಂದಿನದು ನಿಮಗೆ ಗೊತ್ತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು, ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು, 120 ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂತು, 2001ರ ಫೆಬ್ರುವರಿ 28ಕ್ಕೆ ಬೀಗ ಬಿತ್ತು. ಡಿವಿಡೆಂಡ್ ಲಂಡನ್ನಿಗೆ ಹೋಯಿತು. ಮೈಸೂರು ಸರ್ಕಾರಕ್ಕೆ ಚಿನ್ನದ ಮೇಲೆ ಶೇಕಡಾ 5 ರಾಯಲ್ಟಿ. ಒಳಗಿಳಿದ ಕೂಲಿಗಳಿಗೆ ಕೂಲಿ ಸಿಕ್ಕಿತು. ಕಲ್ಲಿನ ಧೂಳು ಎದೆಯಲ್ಲಿ ಕೂತು ಎಷ್ಟೋ ಜನ ಸತ್ತರು. ಅವರ ಕೈಯಲ್ಲಿ ಷೇರು ಇರಲಿಲ್ಲ.

ಕೋಲಾರದ ಬಗ್ಗೆ ಹಾಗಾದರೆ ಯಾರ ಅಭಿಪ್ರಾಯ ಸರಿ? 1880ರಲ್ಲಿ "ಚಿನ್ನ ಇದೆ" ಎಂದವನೂ ಸರಿ, 1883ರಲ್ಲಿ ಸಿಕ್ಕಿದ ಬೆಲೆಗೆ ಮಾರಿ ಹೊರಗೆ ಬಂದವನಿಗೂ ಕಾರಣವಿತ್ತು. ಆದರೂ ಮೊದಲನೆಯವನು ಎರಡನೆಯವನಾಗಿ ಮನೆಗೆ ಹೋಗಿರಬಹುದು. ಕಥೆ ನಿಜವಾದರೂ ದುಡ್ಡು ಕಳೆದುಕೊಳ್ಳಬಹುದು ಅನ್ನುವುದೇ ನಮಗೆ ಇಲ್ಲಿ ಕಾಡುವ ವಿಷಯ.

ಈಗ ಚಿಪ್‌ಗೆ ಬರೋಣ. ವಯನಾಡಿನ ಥರದ ಕಥೆ ನಮ್ಮ ಕಾಲದಲ್ಲೂ ಆಗಿದೆ. ಮೊದಲು ಟ್ರೇಡಿಂಗ್ ಕಂಪನಿ ಎಂಬ ಹೆಸರಿದ್ದ ಒಂದು ಕಂಪನಿ ಆರ್‌ಆರ್‌ಪಿ ಸೆಮಿಕಂಡಕ್ಟರ್ ಎಂದು ಹೆಸರು ಬದಲಿಸಿತು. ಅದರ ಷೇರು 2025ರ ಡಿಸೆಂಬರಿಗೆ ಮುಗಿದ ಸುಮಾರು 20 ತಿಂಗಳಲ್ಲಿ 500 ಪಟ್ಟಿಗಿಂತ ಹೆಚ್ಚು ಏರಿತು. ಅಂದರೆ ಸಾವಿರ ಹಾಕಿದವನಿಗೆ ಕಾಗದದ ಮೇಲೆ ಐದು ಲಕ್ಷ! ತಾನು ಇನ್ನೂ ಯಾವ ಚಿಪ್ ತಯಾರಿಕೆಯನ್ನೂ ಶುರು ಮಾಡಿಲ್ಲ ಎಂದು ಆ ಕಂಪನಿಯೇ ಷೇರುಪೇಟೆಗೆ ಬರೆದು ಕೊಟ್ಟಿತ್ತು. ಕೊನೆಗೆ ಅದರ ವಹಿವಾಟು ವಾರಕ್ಕೆ ಒಂದೇ ದಿನ ಎಂದು ನಿರ್ಬಂಧ ಬಂತು. ಮಾರಬೇಕೆಂದರೂ ಕೊಳ್ಳುವವನಿಗಾಗಿ ಕಾಯಬೇಕು.

ಎಲ್ಲವೂ ಹಾಗಲ್ಲ. ಮೈಸೂರಿನ ಕೇನ್ಸ್ ಟೆಕ್ನಾಲಜಿ ನಿಜವಾಗಿ ಕಾರ್ಖಾನೆಗಳಿರುವ ಕಂಪನಿ. 2022ರ ನವೆಂಬರಿನಲ್ಲಿ 587 ರೂಪಾಯಿಗೆ ಕೊಟ್ಟ ಅದರ ಷೇರು 2025ರಲ್ಲಿ 7,000 ದಾಟಿತು, ಅದೇ ವರ್ಷದ ಡಿಸೆಂಬರಿಗೆ ಸುಮಾರು 4,000ಕ್ಕೆ ಇಳಿಯಿತು. ಮೊದಲೇ ಕೊಂಡವನು ಗೆದ್ದ. ಏಳು ಸಾವಿರಕ್ಕೆ ಕೊಂಡವನಿಗೆ ಕಂಪನಿ ಒಳ್ಳೆಯದು ಎಂದು ಹೇಳಿ ಸಮಾಧಾನ ಮಾಡುವುದು ಹೇಗೆ?

ಇನ್ನು ನಮ್ಮ ನರಸಾಪುರದ ಐಫೋನ್ ಕಾರ್ಖಾನೆ. ಇದು ಮೊದಲು ತೈವಾನಿನ ವಿಸ್ಟ್ರಾನ್ ಅವರದು, 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡಿತು. ಇಲ್ಲಿ ಫೋನು ಜೋಡಿಸುತ್ತಾರೆ. ಅದರೊಳಗಿನ ಮುಖ್ಯ ಚಿಪ್ ಇಲ್ಲಿ ತಯಾರಾಗುವುದಿಲ್ಲ. ಟಾಟಾ ಎಲೆಕ್ಟ್ರಾನಿಕ್ಸ್ ಚಿಪ್ ಕಾರ್ಖಾನೆ ಕಟ್ಟುತ್ತಿರುವುದು ಗುಜರಾತಿನ ಧೋಲೇರಾದಲ್ಲಿ. ಆ ಕಂಪನಿ ಷೇರುಪೇಟೆಗೆ ಬಂದೇ ಇಲ್ಲ, ಅದರ ಷೇರು ನಿಮ್ಮ ಮೊಬೈಲಿನಲ್ಲಿ ಸಿಗುವುದಿಲ್ಲ. ಹಾಗಾಗಿ ನಮ್ಮವರು ಟಾಟಾ ಎಂದು ಶುರುವಾಗುವ ಇನ್ನೊಂದು ಹೆಸರನ್ನು ಕೊಳ್ಳುತ್ತಾರೆ. ಟಾಟಾ ಎಲ್‌ಕ್ಸಿ ಇದೆ, ಟಾಟಾ ಟೆಕ್ನಾಲಜೀಸ್ ಇದೆ. ಎರಡೂ ಡಿಸೈನು, ಎಂಜಿನಿಯರಿಂಗ್ ಕೆಲಸದವು, ನರಸಾಪುರದ ಲೈನಿಗೂ ಅವಕ್ಕೂ ಸಂಬಂಧವಿಲ್ಲ. ಅಂದರೆ ದಿನಾ ಬಸ್ಸು ಹತ್ತಿ ಹೋಗಿ ದುಡಿಯುವ ಜಾಗದಲ್ಲಿ ಇವತ್ತೂ ನಮಗೆ ಸಿಗುವುದು ಸಂಬಳವೇ.

ವಿಚಿತ್ರ ಅಂದರೆ ಬೆಲೆಯ ಆಟ ನಮ್ಮವರಷ್ಟು ಬಲ್ಲವರು ಇಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದನ್ನು ನೋಡಿ ಎಲ್ಲರೂ ಟೊಮೆಟೊ ನಾಟಿ ಮಾಡಿದರೆ ಏನಾಗುತ್ತದೆ ಎಂದು ಮನೆಯ ಅಜ್ಜಿಗೂ ಗೊತ್ತು. ಮಂಡಿಯಲ್ಲಿ ಮೇಲಿನ ಸಾಲು ಎತ್ತಿ ಕೆಳಗೆ ಕೈ ಹಾಕದೆ ಯಾರೂ ಬಾಕ್ಸ್ ಒಪ್ಪಿಕೊಳ್ಳುವುದಿಲ್ಲ.

ಮುಳಬಾಗಿಲಿನ ಆ ಹುಡುಗನನ್ನು ನಾವು ಕೇಳಿದೆವು, ನೀನು ಹಾಕಿರುವ ಕಂಪನಿ ಏನು ಮಾಡುತ್ತೆ, ಕಾರ್ಖಾನೆ ಎಲ್ಲಿದೆ? "ಹೆಸರಲ್ಲೇ ಇದೆಯಲ್ಲ ಅಣ್ಣಾ" ಎಂದ. ಆಮೇಲೆ ಸುಮ್ಮನಾಗಿ ಮೊಬೈಲಿನಲ್ಲಿ ಹುಡುಕಲು ಶುರು ಮಾಡಿದ. ಕಂಪನಿ ಬಸ್ಸು ಬಂತು. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಹುಡುಕುತ್ತಲೇ ಹತ್ತಿ ಹೋದ.