ದುಂಡುಹುಳುವಿನ ಕಾಲದಲ್ಲಿ ರೇಷ್ಮೆಹುಳು: ಹೈದರಾಬಾದಿನ ಒಂದು ಆಯ್ಕೆ

ತಳಿವಿಜ್ಞಾನಕ್ಕೆ ಸಣ್ಣ ಅಕಶೇರುಕಗಳು ಬಂದ ಚರಿತ್ರೆಯಲ್ಲಿ ಕೇಂಬ್ರಿಜ್‌ನ ಸಿಡ್ನಿ ಬ್ರೆನರ್ 1974ರಲ್ಲಿ ಪ್ರಕಟಿಸಿದ ದುಂಡುಹುಳುವಿನ ಅಧ್ಯಯನಕ್ಕೆ ದೊಡ್ಡ ಸ್ಥಾನವಿದೆ, ಇರಬೇಕಾದದ್ದೇ. ಸೀನೊರಾಬ್ಡೈಟಿಸ್ ಎಲೆಗಾನ್ಸ್ ಎಂಬ ಆ ಹುಳು ಒಂದು ಮಿಲಿಮೀಟರ್ ಉದ್ದ, ಮೈಯೆಲ್ಲ ಪಾರದರ್ಶಕ. ಬಲಿತ ದ್ವಿಲಿಂಗಿಯಲ್ಲಿ 959 ದೇಹಕೋಶ, ಮೂರು ದಿನಕ್ಕೊಂದು ತಲೆಮಾರು, ಎರಡು ಮೂರು ವಾರದ ಆಯುಸ್ಸು. ಇದನ್ನೇ ಓದುತ್ತ ಹೋದರೆ ಪ್ರಯೋಗಾಲಯಕ್ಕೆ ಒಗ್ಗುವುದೊಂದೇ ಜೀವಿಯ ಅರ್ಹತೆ ಅನ್ನಿಸಿಬಿಡುತ್ತದೆ. ಹೈದರಾಬಾದಿನಲ್ಲಿ ನಡೆದ ಕೆಲಸ ಈ ಎಣಿಕೆಯನ್ನು ತಿದ್ದುತ್ತದೆ. ಅಲ್ಲಿ ರೈತರ ಸಾಕಣೆಯಲ್ಲಿ ಬೇರೆಬೇರೆಯಾಗಿ ಉಳಿದುಬಂದ ರೇಷ್ಮೆಹುಳುವಿನ ತಳಿಗಳೇ ಸಂಶೋಧನೆಯ ಬಂಡವಾಳವಾದವು.

ಕಟ್ಟುಹಾವಿನ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಒಂದು ತುಣುಕನ್ನು ವಿಜ್ಞಾನಿ ಲಾಲ್‌ಜಿ ಸಿಂಗ್ ಎಡಿನ್‌ಬರೋದಲ್ಲಿದ್ದಾಗ ಗುರುತಿಸಿದ್ದರು. ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರದಲ್ಲಿ (ಸಿಸಿಎಂಬಿ) ಅದು ಮನುಷ್ಯರ ಡಿಎನ್‌ಎ ಬೆರಳಚ್ಚಿನ ಸಾಧನವಾಯಿತು. ಬೆಂಗಳೂರಿನಲ್ಲಿ ರೇಷ್ಮೆಹುಳುವಿನ ಸಂಶೋಧನೆ ನಡೆಸುತ್ತಿದ್ದು, ಮುಂದೆ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರ (ಸಿಡಿಎಫ್‌ಡಿ) ಸೇರಿದ ಜೆ. ನಾಗರಾಜು 1995ರಲ್ಲಿ ಲಾಲ್‌ಜಿ ಸಿಂಗ್ ಜೊತೆಗೂಡಿ ಅದೇ ತುಣುಕಿನಿಂದ ರೇಷ್ಮೆಹುಳುವಿನ ಬೆರಳಚ್ಚು ತೆಗೆದರು. ಅದೇ ವರ್ಷ ಇನ್ನೊಂದು ವಿಧಾನದಲ್ಲಿ 13 ತಳಿಗಳನ್ನು ಹೋಲಿಸಿದಾಗ, ಮೊಟ್ಟೆ ಸುಪ್ತಾವಸ್ಥೆಗೆ ಹೋಗುವ ಆರು ಒಂದು ಕಡೆ, ಹೋಗದ ಏಳು ಇನ್ನೊಂದು ಕಡೆ ಸ್ಪಷ್ಟವಾಗಿ ಬೇರ್ಪಟ್ಟವು. ಸುಪ್ತಾವಸ್ಥೆಗೆ ಹೋಗದ ಮೈಸೂರು ತಳಿಯ ಗೂಡು ಹಸಿರು ಬೆರೆತ ಹಳದಿ, ಮೊನೆ ಚೂಪು, ನೂಲೆಳೆ ಗಿಡ್ಡ. ಆದರೆ ಸೆಕೆ, ರೋಗ ಎರಡನ್ನೂ ತಾಳಿಕೊಂಡು ವರ್ಷವಿಡೀ ಮರಿಯಾಗುತ್ತದೆ. ಸುಪ್ತಾವಸ್ಥೆಗೆ ಹೋಗುವ, ವರ್ಷಕ್ಕೆ ಎರಡು ತಲೆಮಾರಿನ ದ್ವಿತಳಿಯ ಬಿಳಿ ಗೂಡಿನಲ್ಲಿ ನೂಲು ಹೆಚ್ಚು, ಹುಳು ಮಾತ್ರ ಬಲು ನಾಜೂಕು. ಸಾಕುವವರು ಕಣ್ಣಂದಾಜಿನಲ್ಲಿ ಕಂಡಿದ್ದ ಈ ವ್ಯತ್ಯಾಸ ಡಿಎನ್‌ಎಯ ಪಟ್ಟಿಗಳಲ್ಲೂ ಮೂಡಿತು.

ಒಂದು ತಲೆಮಾರಿಗೆ ಒಂದೂವರೆ ತಿಂಗಳು ಹಿಡಿಯುವ ಈ ಹುಳು ವೃದ್ಧಾಪ್ಯದ ಅಧ್ಯಯನಕ್ಕೆ ಏನು ಕೊಟ್ಟೀತು ಎಂಬ ಆಕ್ಷೇಪ ನ್ಯಾಯವಾದದ್ದೇ. ಡಾಫ್-2 ಎಂಬ ಒಂದೇ ವಂಶವಾಹಿ ಬದಲಾದರೆ ಆಯುಸ್ಸು ಇಮ್ಮಡಿಯಾಗುತ್ತದೆಂದು 1993ರಲ್ಲಿ ಸಿಂಥಿಯಾ ಕೆನ್ಯನ್ ತಂಡ ತೋರಿಸಿದ್ದು ದುಂಡುಹುಳುವಿನಲ್ಲಿ. ಆ ವಂಶವಾಹಿ ಇನ್ಸುಲಿನ್ ಗ್ರಾಹಕದ ಬಂಧು ಎಂದು ಗೊತ್ತಾದದ್ದು 1997ರಲ್ಲಿ. ಆದರೆ ಇನ್ಸುಲಿನ್ನನ್ನು ಹೋಲುವ ಹಾರ್ಮೋನು ಕೀಟಗಳಲ್ಲಿದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 1984ರಲ್ಲೇ ರೇಷ್ಮೆ ಪತಂಗದಲ್ಲಿ ಕಂಡಿದ್ದರು. ಅದನ್ನು ಶುದ್ಧೀಕರಿಸಲು ಲಕ್ಷಗಟ್ಟಲೆ ಪತಂಗಗಳ ತಲೆ ಬೇಕಾಗಿತ್ತು. ರೇಷ್ಮೆ ಸಾಕಣೆ ಬೇರೂರಿದ ನಾಡಲ್ಲದೆ ಬೇರೆಲ್ಲಿ ಅಷ್ಟು ಸಿಗುತ್ತಿತ್ತು? ವೇಗದಲ್ಲಿ ಸೋತ ಹುಳು ಇಲ್ಲಿ ಸಮೃದ್ಧಿಯಲ್ಲಿ ಗೆದ್ದಿತು.

ಹೈದರಾಬಾದ್ ಮಾಡಿದ್ದು ಆನ್ವಯಿಕ ಕೆಲಸ, ಮೂಲವಿಜ್ಞಾನವಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ವಂಶವಾಹಿಯ ಕೆಲಸವನ್ನು ಅಡಗಿಸುವ ಆರ್‌ಎನ್‌ಎ ಹಸ್ತಕ್ಷೇಪವನ್ನು 1998ರಲ್ಲಿ ದುಂಡುಹುಳುವಿನಲ್ಲಿ ಕಂಡವರು ಫೈರ್ ಮತ್ತು ಮೆಲ್ಲೊ. ನಾಗರಾಜು ತಂಡ ಅದನ್ನು ಹಾಲುತೊಂಡೆ ರೋಗದ ಮೇಲೆ ತಿರುಗಿಸಿತು. ಈ ರೋಗ ಹತ್ತಿದ ಹುಳುವಿನ ಗೆಣ್ಣುಗಳು ಊದಿ ಚರ್ಮ ಹೊಳೆಯುತ್ತದೆ. ನಿಂತಲ್ಲಿ ನಿಲ್ಲದೆ ತಟ್ಟೆಯ ಅಂಚಿನಲ್ಲಿ ಸುತ್ತುತ್ತದೆ. ಕೊನೆಗೆ ಚರ್ಮ ಬಿರಿದು ವೈರಸ್ ತುಂಬಿದ ಹಾಲಿನಂಥ ದ್ರವ ಸೊಪ್ಪಿನ ಮೇಲೆ ಸುರಿಯುತ್ತದೆ. ವೈರಸ್ಸಿನ ಒಂದು ವಂಶವಾಹಿಯನ್ನು ಅಡಗಿಸುವ ಕುಲಾಂತರಿ ಹುಳು 2007ರಲ್ಲಿ ವರದಿಯಾಯಿತು, ಹಲವನ್ನು ಒಟ್ಟಿಗೆ ಅಡಗಿಸುವಂಥದು 2013ರಲ್ಲಿ. ನಾಗರಾಜು ಅಷ್ಟರಲ್ಲಿ, 2012ರ ಡಿಸೆಂಬರ್ ಕೊನೆಗೆ, ತೀರಿಕೊಂಡಿದ್ದರು. ಸಾಧನ ಎರವಲಾದದ್ದು ನಿಜ. ಆದರೆ ಅದೇ ಪ್ರಯೋಗಾಲಯ ಲಿಂಗ ನಿರ್ಧಾರದ ಬೆನ್ನುಹತ್ತಿ, ಅಸ್ಸಾಮಿನ ಮೂಗಾ ಪತಂಗದಲ್ಲಿ ಹೆಣ್ಣಿಗೇ ಮೀಸಲಾದ ಎರಡು ಪ್ರೋಟೀನುಗಳನ್ನು 2010ರಲ್ಲಿ ಗುರುತಿಸಿತ್ತು. ಇದೇ ಹಾದಿಯಲ್ಲಿ ಮುಂದೆ, ರೇಷ್ಮೆಹುಳುವಿನ ಹೆಣ್ಣುತನವನ್ನು ಹೆಣ್ಣಿನಲ್ಲಷ್ಟೇ ಇರುವ ಡಬ್ಲ್ಯು ವರ್ಣತಂತುವಿನಿಂದ ಹುಟ್ಟುವ ಪುಟ್ಟ ಆರ್‌ಎನ್‌ಎ ತೀರ್ಮಾನಿಸುತ್ತದೆಂದು 2014ರಲ್ಲಿ ಜಪಾನಿನಿಂದ ವರದಿ ಬಂತು. ದುಂಡುಹುಳುವಿನಲ್ಲಿ ಡಬ್ಲ್ಯು ವರ್ಣತಂತುವೇ ಇಲ್ಲ. ಡಬ್ಲ್ಯು ಹೆಣ್ಣುತನವನ್ನು ಹೇಗೆ ತೀರ್ಮಾನಿಸುತ್ತದೆ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತುವುದಕ್ಕೂ ಬರುತ್ತಿರಲಿಲ್ಲ.